ಬಾಳ್ಗೞ್ಚು: ೞ, ಱ ಮತ್ತು ಕಣ್ಣಿಗೆ ಕಾಣದ ಅಕ್ಷರಗಳನ್ನು ಎಡಿಟರಿನಲ್ಲಿ ಬರೆಯುವುದು ಹೇಗೆ?

ಶಾಸನದ ಓದು

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ವಿದ್ಯಾರ್ಥಿಗಳಿಗೆ ಕೊಡಲೆಂದು ಒಂದಷ್ಟು ಹಳಗನ್ನಡ ಶಾಸನಗಳ ಪಾಠವನ್ನು ಬೆರಳಚ್ಚು ಮಾಡುತ್ತಿದ್ದೇನೆ. ಮೊದಲು ಕೈಗೆತ್ತಿಕೊಂಡದ್ದು ಹಲ್ಮಿಡಿ ಶಾಸನ, ಕೈ ಕಟ್ಟಿದಂತಾದದ್ದೂ ಅಲ್ಲೇ.

ಅದರಲ್ಲಿ ‘ಬಾಳ್ಗೞ್ಚು’ ಎಂಬ ಮಾತು ಬರುತ್ತದೆ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಗೆದ್ದು ಬಂದ ವೀರನ ಕತ್ತಿಯನ್ನು ತೊಳೆದು ಕೊಡುವ ದತ್ತಿ ಅದು. ಒಂದೇ ಪದದಲ್ಲಿ ಳ ಇದೆ, ೞ ಕೂಡ ಇದೆ. ನನ್ನ ಕೀಲಿಮಣೆಯಲ್ಲಿ ೞ ಎಲ್ಲಿದೆಯೋ ಸಿಗಲಿಲ್ಲ. ತರಗತಿಗೆ ಹೊತ್ತಾಗಿತ್ತು, ‘ಬಾಳ್ಗಳ್ಚು’ ಎಂದು ಬರೆದು ಮುದ್ರಿಸಿ ಹಂಚಿಬಿಟ್ಟೆ. ಪಾಠದ ನಡುವೆ ಒಬ್ಬಳು ಎದ್ದು ನಿಂತು, “ಮೇಡಂ, ಬಾಳು ಎಂದರೆ ಬದುಕಲ್ಲವೇ? ಇಲ್ಲಿ ಕತ್ತಿ ಹೇಗಾಯಿತು?” ಎಂದು ಕೇಳಿದಳು. ಬದುಕು ಎಂಬ ಅರ್ಥದ್ದು ಬಾೞ್, ಕತ್ತಿ ಎಂಬ ಅರ್ಥದ್ದು ಬಾಳ್. ಅವಳಿಗೆ ಅದನ್ನು ತೋರಿಸಬೇಕೆಂದರೆ ನಾನು ಕೊಟ್ಟ ಹಾಳೆಯಲ್ಲಿ ಆ ವ್ಯತ್ಯಾಸವನ್ನೇ ಅಳಿಸಿಹಾಕಿದ್ದೆ. ಮನಸ್ಸಿಗೆ ಬಹಳ ಬೇಸರವಾಯಿತು.

ಇಲ್ಲಿ ಬರೆದಿರುವ ೞ ಕೂಡ ಬೇರೆ ಪುಟದಿಂದ ನಕಲು ಮಾಡಿ ಅಂಟಿಸಿದ್ದು. ಪ್ರತಿ ಸಲ ಹೀಗೆ ಮಾಡಲಾಗದು. ಗಣಕದ ಅಕ್ಷರಪಟ್ಟಿಯಲ್ಲಿ ‘ಎಲ್‌ಎಲ್‌ಎಲ್‌ಎ’ ಎಂದು ಹುಡುಕಿದೆ. ತಮಿಳು, ಮಲಯಾಳಂ, ತೆಲುಗು, ದೇವನಾಗರಿ ಎಲ್ಲವುಗಳ ೞ ಸಿಕ್ಕಿತು, ಕನ್ನಡದ್ದು ಮಾತ್ರ ಸಿಗಲಿಲ್ಲ. ನಮ್ಮ ೞ ಯೂನಿಕೋಡ್‌ನಲ್ಲಿ ಇದೆಯೇ, ಇಲ್ಲವೇ?

ಗಣಕಬರಹ

ಇದೆ ಮೇಡಂ. ತಪ್ಪು ಹೆಸರಿನಲ್ಲಿದೆ, ಅದಕ್ಕೇ ನಿಮಗೆ ಸಿಗಲಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಫ ಅಲ್ಲದ ಅಕ್ಷರಕ್ಕೆ ಫ ಎಂಬ ಹೆಸರು!

ಯೂನಿಕೋಡ್‌ನಲ್ಲಿ ಭಾರತೀಯ ಲಿಪಿಗಳ ಮನೆಗಳನ್ನು, ಅಂದರೆ ಪ್ರತಿ ಅಕ್ಷರದ ಸಂಕೇತಸಂಖ್ಯೆಯ ಜಾಗಗಳನ್ನು, ಒಂದೇ ಅಚ್ಚಿನಲ್ಲಿ ಕಟ್ಟಿದ್ದಾರೆ. ದೇವನಾಗರಿಯ ಕ 0915ರಲ್ಲಿದ್ದರೆ ತಮಿಳಿನದು 0ಬಿ95, ಕನ್ನಡದ್ದು 0ಸಿ95. ಹೀಗೆ ಕೊನೆಯ ಅಂಕಿ ಹೊಂದಿಕೊಂಡು ಹೋಗುತ್ತದೆ. (ಸಂಕೇತಗಳನ್ನು ನಾವು ಬಾಯಲ್ಲಿ ಹೇಳುವಂತೆ ಬರೆಯುತ್ತಿದ್ದೇನೆ. ಕೀಲಿ ಒತ್ತುವಾಗ ಸಿ, ಡಿ, ಇ ಎಲ್ಲವೂ ಇಂಗ್ಲಿಷ್ ಅಕ್ಷರಗಳೇ ಆಗಬೇಕು.) ತಮಿಳಿನ ೞ 0ಬಿಬಿ4, ಮಲಯಾಳಂನದು 0ಡಿ34. ಆ ಲೆಕ್ಕದಲ್ಲಿ ನಮ್ಮದು 0ಸಿಬಿ4 ಆಗಬೇಕಿತ್ತು. ಆ ಮನೆ ಇಂದಿಗೂ ಖಾಲಿ ಬಿದ್ದಿದೆ. ನಮ್ಮ ೞ ಕುಳಿತಿರುವುದು 0ಸಿಡಿಇಯಲ್ಲಿ. ದೇವನಾಗರಿಯಲ್ಲಿ ಅದಕ್ಕೆ ಸರಿಸಾಟಿಯಾದ 095ಇಯನ್ನು ನೋಡಿದರೆ ಅಲ್ಲಿ ಚುಕ್ಕಿಯ ಫ಼ ಇದೆ. ಎಫ್‌ಎ ಎಂಬ ಹೆಸರಿನ ಜಾಡು ಅಲ್ಲಿಗೆ ಹೋಗುತ್ತದೆ.

ಯೂನಿಕೋಡ್‌ನಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ, ಅದು ಅವರ ನಿಯಮ. ಆದ್ದರಿಂದ ತಿದ್ದುಪಡಿಯ ಅಡ್ಡಹೆಸರಾಗಿ ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬುದನ್ನು ಸೇರಿಸಿದ್ದಾರೆ. ನೀವು ಬಳಸಿದ ಅಕ್ಷರಪಟ್ಟಿ ಅಡ್ಡಹೆಸರುಗಳನ್ನು ಹುಡುಕುವುದಿಲ್ಲ ಎಂದು ಕಾಣುತ್ತದೆ. ‘ಎಫ್‌ಎ’ ಎಂದು ಹುಡುಕಿ ನೋಡಿ.

ಱ, ಅಂದರೆ ಶಕಟರೇಫ, ಹುಡುಕಲು ಈ ಕಷ್ಟವಿಲ್ಲ. ಅದು 0ಸಿಬಿ1, ಹೆಸರು ‘ಆರ್‌ಆರ್‌ಎ’.

ಅಚ್ಚುಮೊಳೆ

ನಾನು ಮೊಳೆ ಜೋಡಿಸುವ ಕಾಲದಿಂದ ಈ ಕಸುಬಿನಲ್ಲಿದ್ದೇನೆ. ಆಗ ನಮ್ಮ ಅಚ್ಚುಕೂಟದ ಮೊಳೆಪೆಟ್ಟಿಗೆಯಲ್ಲಿ ೞ ಇರಲಿಲ್ಲ. ಹಳಗನ್ನಡದ ಪುಸ್ತಕ ಬಂದರೆ ಆ ಜಾಗದಲ್ಲಿ ಳ ಹಾಕಿ, ಪುಸ್ತಕದ ಮುಂದೆ ಒಂದು ಸೂಚನೆ ಅಚ್ಚು ಹಾಕುತ್ತಿದ್ದೆವು. ಆಗ ಬೇರೆ ದಾರಿ ಇರಲಿಲ್ಲ. ಈಗ ಅಕ್ಷರ ಇದೆ, ಆದರೂ ಳ ಹಾಕುತ್ತಿದ್ದೇವೆ ಎಂದರೆ ಅದಕ್ಕೆ ಕಾರಣ ಅಭ್ಯಾಸ ಮಾತ್ರ. ಮೇಡಂ ಬೇಸರಪಟ್ಟುಕೊಂಡದ್ದು ನನಗೆ ಬಹಳ ಹಿಡಿಸಿತು.

ಒಂದು ಕೆಲಸದ ಮಾತು. ನಾನು ಲಿಬ್ರೆಆಫೀಸ್‌ನಲ್ಲಿ ಪುಟ ಕಟ್ಟುತ್ತೇನೆ. ೞ ಬೇಕಾದ ಕಡೆ ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿ 0ಸಿಡಿಇ ಎಂದು ಬರೆದು, ಕೂಡಲೇ ಆಲ್ಟ್ ಜೊತೆಗೆ ಎಕ್ಸ್ ಒತ್ತಿ. ಆ ನಾಲ್ಕು ಗುರುತುಗಳು ಹೋಗಿ ಅಲ್ಲಿ ೞ ಬಂದು ಕೂರುತ್ತದೆ. ವರ್ಡ್‌ನಲ್ಲೂ ಇದೇ ಕ್ರಮ. ಇದರ ತಿರುವು ಇನ್ನೂ ಉಪಯೋಗದ್ದು: ಯಾರೋ ಕಳಿಸಿದ ಕಡತದಲ್ಲಿ ಗುರುತು ಸಿಗದ ಅಕ್ಷರ ಇದ್ದರೆ ಕರ್ಸರನ್ನು ಅದರ ಬಲಕ್ಕೆ ಇಟ್ಟು ಆಲ್ಟ್ ಎಕ್ಸ್ ಒತ್ತಿ. ಅಕ್ಷರ ತನ್ನ ಸಂಕೇತವನ್ನು ತೋರಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಮತ್ತೆ ಅಕ್ಷರವಾಗುತ್ತದೆ.

ಶಾಸನದ ಓದು

‘ಎಫ್‌ಎ’ ಎಂದು ಹುಡುಕಿದೆ, ಸಿಕ್ಕಿತು! ಆಲ್ಟ್ ಎಕ್ಸ್ ಕೂಡ ಕೆಲಸ ಮಾಡಿತು. ಇಬ್ಬರಿಗೂ ವಂದನೆಗಳು. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ‘ರೞ’ ಎಂದು ಬೇರೆಯಾಗಿಯೇ ಹೆಸರಿಟ್ಟು, ಕುಳ, ಕ್ಷಳ ಎಂಬ ಬೇರೆ ಳಕಾರಗಳಿಂದ ಬಿಡಿಸಿ ಹೇಳಿದ ಅಕ್ಷರಕ್ಕೆ ಎಫ್‌ಎ ಎಂಬ ಹೆಸರು ಅಂಟಿಕೊಂಡಿದೆ ಎಂಬುದನ್ನು ನಾಳೆ ತರಗತಿಯಲ್ಲಿ ಹೇಳುತ್ತೇನೆ.

ಆದರೆ ನಾನು ಪಾಠಗಳನ್ನು ಸಾದಾ ಪಠ್ಯ ಕಡತಗಳಲ್ಲಿ ಇಡುತ್ತಿದ್ದೇನೆ, ಏಕೆಂದರೆ ಅವು ಎಲ್ಲ ಕಡೆಯೂ ತೆರೆದುಕೊಳ್ಳುತ್ತವೆ. ಸಾದಾ ಎಡಿಟರಿನಲ್ಲಿ ಆಲ್ಟ್ ಎಕ್ಸ್ ನಡೆಯುತ್ತಿಲ್ಲ. ನಮ್ಮ ವಿಭಾಗದ ಗಣಕದಲ್ಲಿ ಲಿನಕ್ಸ್ ಇದೆ.

ಗಣಕಬರಹ

ಲಿನಕ್ಸ್‌ನ ಜಿಎಡಿಟ್‌ನಂಥ ಎಡಿಟರುಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ ಬಿಡಿ. ಅಡಿಗೆರೆಯಿರುವ ಒಂದು ಸಣ್ಣ ಯು ಕಾಣಿಸುತ್ತದೆ. 0ಸಿಡಿಇ ಬರೆದು ಎಂಟರ್ ಒತ್ತಿದರೆ ಮುಗಿಯಿತು.

ವಿಮ್ ಎಂಬ ಎಡಿಟರ್ ಬಳಸುವವರಿಗೆ: ಬರೆಯುವ ಸ್ಥಿತಿಯಲ್ಲಿ ಕಂಟ್ರೋಲ್ ವಿ, ಆಮೇಲೆ ಸಣ್ಣ ಯು, ಆಮೇಲೆ 0ಸಿಡಿಇ. ಕೆಲವು ವಿಂಡೋಸ್ ಗಣಕಗಳಲ್ಲಿ ಕಂಟ್ರೋಲ್ ವಿ ಒತ್ತಿದರೆ ಅಂಟಿಸುವ ಕೆಲಸ ಆಗಿಬಿಡುತ್ತದೆ, ಅಂಥಲ್ಲಿ ಕಂಟ್ರೋಲ್ ಕ್ಯೂ ಒತ್ತಬೇಕು. ಕರ್ಸರಿನ ಕೆಳಗಿರುವ ಅಕ್ಷರ ಯಾವುದು ಎಂದು ತಿಳಿಯಲು ಬರೆಯುವ ಸ್ಥಿತಿಯಿಂದ ಹೊರಬಂದು ಜಿ, ಎ ಒತ್ತಿ. ಕೆಳಗಿನ ಸಾಲಿನಲ್ಲಿ ಸಂಕೇತ ಬರುತ್ತದೆ. ಜಿ, 8 ಒತ್ತಿದರೆ ಕಡತದಲ್ಲಿ ಆ ಅಕ್ಷರ ಯಾವ ಬೈಟ್‌ಗಳಾಗಿ ಕುಳಿತಿದೆ ಎಂಬುದು ಕಾಣುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್.

ಇಷ್ಟಾದರೂ ಕನ್ನಡಕ್ಕೆ ನಾನು ವಿಮ್‌ಗಿಂತ ಈಮ್ಯಾಕ್ಸ್ ಎಂಬ ಎಡಿಟರನ್ನು ಮೆಚ್ಚುತ್ತೇನೆ. ವಿಮ್‌ನಲ್ಲಿ ಒತ್ತಕ್ಷರಗಳು ಒಡೆದು, ಮಾತ್ರೆಗಳು ಚೆದುರಿ ಕಾಣುತ್ತವೆ. ಸಂಕೇತ ಸರಿಯಿದ್ದರೂ ಕಣ್ಣಿಗೆ ಹಿಂಸೆ. ಈಮ್ಯಾಕ್ಸ್ 27ರಿಂದ ಅಕ್ಷರಗಳನ್ನು ಜೋಡಿಸಿ ಮೂಡಿಸುವ ಹಾರ್ಫ್‌ಬಜ್ ಬಂದ ಮೇಲೆ ಕನ್ನಡ ಅಚ್ಚುಕಟ್ಟಾಗಿ ಮೂಡುತ್ತದೆ. ಅದರಲ್ಲಿ ಕಂಟ್ರೋಲ್ ಎಕ್ಸ್, 8, ಎಂಟರ್ ಒತ್ತಿ, ‘ಕನ್ನಡ’ ಎಂದು ಇಂಗ್ಲಿಷಿನಲ್ಲಿ ಬರೆದು ಟ್ಯಾಬ್ ಒತ್ತಿದರೆ ನಮ್ಮ ಲಿಪಿಯ ಅಕ್ಷರಗಳೆಲ್ಲ ಹೆಸರಿನ ಸಮೇತ ಸಾಲಾಗಿ ನಿಲ್ಲುತ್ತವೆ. ಮೊದಲ ಸಲ ಆ ಪಟ್ಟಿ ನೋಡಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ಅವಗ್ರಹ ಽ, ಜಿಹ್ವಾಮೂಲೀಯ ೱ, ಉಪಧ್ಮಾನೀಯ ೲ ಎಲ್ಲವೂ ಇವೆ, ಯಾರಾದರೂ ಬರೆದಾರೆಂದು ಕಾದಿವೆ.

ದೂರದ ಕನ್ನಡಿಗ

ಮ್ಯಾಕ್ ಬಳಸುವವರಿಗಾಗಿ ಎರಡು ಮಾತು. ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ‘ಯೂನಿಕೋಡ್ ಹೆಕ್ಸ್ ಇನ್‌ಪುಟ್’ ಎಂಬುದನ್ನು ಸೇರಿಸಿಕೊಳ್ಳಿ. ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದೇ 0ಸಿಡಿಇ ಬರೆದರೆ ೞ ಬರುತ್ತದೆ. ಸಂಕೇತ ನೆನಪಿಲ್ಲದಿದ್ದರೆ ಕಂಟ್ರೋಲ್, ಕಮಾಂಡ್, ಸ್ಪೇಸ್ ಒಟ್ಟಿಗೆ ಒತ್ತಿ, ಅಕ್ಷರಪಟ್ಟಿ ತೆರೆಯುತ್ತದೆ.

ನಾನು ಇಲ್ಲಿ ಮಕ್ಕಳಿಗೆ ಭಾನುವಾರ ಕನ್ನಡ ಹೇಳಿಕೊಡುತ್ತೇನೆ. ಪಕ್ಕದ ಕೋಣೆಯಲ್ಲಿ ತಮಿಳು ತರಗತಿ ನಡೆಯುತ್ತದೆ. ಅವರ ಭಾಷೆಯ ಹೆಸರಿನ ಕೊನೆಯಲ್ಲೇ ಈ ಅಕ್ಷರ ಇದೆ, ಪುಟ್ಟ ಮಕ್ಕಳೂ ಬರೆಯುತ್ತಾರೆ. ನಮ್ಮಲ್ಲೂ ಅದು ಇತ್ತು, ಮೞೆ, ಕೊೞಲ್, ಏೞು ಎಂದೇ ಬರೆಯುತ್ತಿದ್ದರು ಎಂದು ತೋರಿಸಿದಾಗ ಮಕ್ಕಳ ಕಣ್ಣು ಅರಳುತ್ತವೆ. ಹಾಗೆ ತೋರಿಸಲು ನನಗೂ ಈ ಅಕ್ಷರ ದಿನಾ ಬೇಕು.

ಅಚ್ಚುಮೊಳೆ

ಸಂಕೇತ ಬಾಯಿಪಾಠ ಮಾಡುವುದು ಬೇಡ ಎನ್ನುವವರು ಮೊಬೈಲಿನಲ್ಲಿ ಹೀಗೆ ಮಾಡಬಹುದು. ಕೀಲಿಮಣೆಯ ಸ್ವಂತ ನಿಘಂಟಿಗೆ ಹೋಗಿ ೞ ಅನ್ನು ಅಂಟಿಸಿ, ಅದಕ್ಕೆ ‘ಳಳ’ ಎಂಬ ಚುಟುಕು ಕೊಡಿ. ಳಳ ಎಂದು ಬರೆದಾಗ ಮೇಲಿನ ಪಟ್ಟಿಯಲ್ಲಿ ೞ ಕಾಣುತ್ತದೆ, ಬೆರಳಿಟ್ಟರೆ ಸಾಕು. ನನ್ನ ಮೊಮ್ಮಗಳು ಕಲಿಸಿಕೊಟ್ಟದ್ದು.

ಹೊಸ ಓದುಗ

ನನ್ನ ಪ್ರಶ್ನೆ ಹಳಗನ್ನಡದ್ದಲ್ಲ, ಇಲ್ಲಿ ಕೇಳಬಹುದೇ? ‘ರಾಜ್‌ಕುಮಾರ್’ ಎಂದು ಬರೆದರೆ ನನ್ನ ಎಡಿಟರಿನಲ್ಲಿ ‘ರಾಜ್ಕುಮಾರ್’ ಎಂದು ಕ ಕೆಳಗೆ ಹೋಗಿಬಿಡುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ಹೋದರೆ ‘ರ್ಯಾಂಕ್’ ಎಂದು ಅರ್ಕಾವೊತ್ತು ಬರುತ್ತದೆ. ಇದಕ್ಕೂ ವಿಶೇಷ ಅಕ್ಷರ ಇದೆಯೇ?

ಗಣಕಬರಹ

ಖಂಡಿತ ಕೇಳಬಹುದು. ನಿಮಗೆ ಬೇಕಾದವು ಎರಡು. ಎರಡಕ್ಕೂ ರೂಪವಿಲ್ಲ, ಅಗಲವಿಲ್ಲ. ಕೆಲಸ ಮಾತ್ರ ದೊಡ್ಡದು.

ಒಂದು 200ಸಿ. ಇದು ಅಕ್ಷರಗಳನ್ನು ಸೇರಲು ಬಿಡದ ಗುರುತು. ರಾಜ್ ಎಂದು ಹಲಂತದ ಸಮೇತ ಬರೆದು, 200ಸಿ ಹಾಕಿ, ಆಮೇಲೆ ಕುಮಾರ್ ಬರೆಯಿರಿ. ಜ್ ತಲೆಯೆತ್ತಿ ನಿಲ್ಲುತ್ತದೆ, ಕ ಪಕ್ಕದಲ್ಲಿ ಬರುತ್ತದೆ. ಸಾಫ್ಟ್‌ವೇರ್, ಯೂನಿಕೋಡ್‌ನಲ್ಲಿ, ಫೇಸ್‌ಬುಕ್ ಎಲ್ಲಕ್ಕೂ ಇದೇ.

ಇನ್ನೊಂದು 200ಡಿ, ಸೇರಿಸುವ ಗುರುತು. ರ‍್ಯಾಂಕ್‌ಗೆ ಇದು ಬೇಕು, ಆದರೆ ಇಡುವ ಜಾಗ ಬೇರೆ. ರ ಬರೆದ ಕೂಡಲೇ, ಹಲಂತಕ್ಕೆ ಮೊದಲು 200ಡಿ ಹಾಕಬೇಕು. ಆಮೇಲೆ ಹಲಂತ, ಆಮೇಲೆ ಯ. ಹಲಂತದ ನಂತರ ಹಾಕಿದರೆ ನಿಮಗೆ ಬೇಕಾದ ರೂಪ ಬರುವುದಿಲ್ಲ. ನಾನು ಈ ತಪ್ಪನ್ನು ಎಷ್ಟೋ ದಿನ ಮಾಡಿದ್ದೆ.

ಈ ಗುರುತುಗಳು ಕಣ್ಣಿಗೆ ಕಾಣದ್ದರಿಂದಲೇ ಎಚ್ಚರ ಹೆಚ್ಚು ಬೇಕು. 200ಸಿ ಇರುವ ರಾಜ್‌ಕುಮಾರ್ ಮತ್ತು ಇಲ್ಲದ ರಾಜ್ಕುಮಾರ್ ಎಡಿಟರಿನ ಮಟ್ಟಿಗೆ ಎರಡು ಬೇರೆ ಪದಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಕೆಲವರು ಜಾಗ ಬಿಡುವ ಕೀಲಿ ಒತ್ತಿದಂತೆ ಇದನ್ನು ಪದದ ಕೊನೆಗೂ ಹಾಕಿಬಿಟ್ಟಿರುತ್ತಾರೆ. ವಿಮ್‌ನಲ್ಲಿ ಕಡತ ತೆರೆದರೆ ಇದು ಬಯಲಾಗುತ್ತದೆ: ಪದದ ನಡುವೆ <200ಸಿ> ಎಂದು ಕೋನದ ಆವರಣದಲ್ಲಿ ಎದ್ದು ಕಾಣುತ್ತದೆ. ವಿಮ್‌ನ ಬಗ್ಗೆ ಮೇಲೆ ದೂರಿದ್ದೆ, ಈ ಒಂದು ಕೆಲಸಕ್ಕೆ ಅದನ್ನೇ ತೆರೆಯುತ್ತೇನೆ.

ಗ್ರಂಥಭಂಡಾರ

ಗ್ರಂಥಾಲಯದಲ್ಲಿ ಕೆಲಸ ಮಾಡುವ ನನಗೆ ಇದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಪುಸ್ತಕಪಟ್ಟಿಯಲ್ಲಿ ‘ಕರ್ನಾಟಕ’ ಎಂದು ಹುಡುಕಿದರೆ ಕೆಲವು ಪುಸ್ತಕಗಳು ಬರುವುದೇ ಇಲ್ಲ. ಕಣ್ಣಿಂದ ನೋಡಿದರೆ ಹೆಸರು ಅಲ್ಲೇ ಇರುತ್ತದೆ. ಆಲ್ಟ್ ಎಕ್ಸ್ ವಿಷಯ ಓದಿದ ಮೇಲೆ ಒಂದೊಂದೇ ಅಕ್ಷರ ಬಿಡಿಸಿ ನೋಡಿದೆ. ಯಾರೋ ‘ಕನಾ೯ಟಕ’ ಎಂದು ಬರೆದಿದ್ದಾರೆ. ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು! ‘ಬೆ೦ಗಳೂರು’ ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆ!

ಅಚ್ಚುಮೊಳೆ

ಅದು ಯೂನಿಕೋಡ್ ಬರುವ ಮೊದಲಿನ ಹಳೆಯ ಆಸ್ಕಿ ಫಾಂಟ್‌ಗಳ ಕಾಲದ ಕೈರೂಢಿ ಇರಬೇಕು. ಆಗ ನೋಡಲು ಸರಿ ಕಂಡರೆ ಸಾಕು, ಒಳಗೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಪುಟ ಅಚ್ಚಾಗಿ ಹೋಗುತ್ತಿತ್ತು, ಯಾರೂ ಅದರಲ್ಲಿ ಪದ ಹುಡುಕುತ್ತಿರಲಿಲ್ಲ.

ಗಣಕಬರಹ

ಅನುಸ್ವಾರ 0ಸಿ82, ಸೊನ್ನೆ 0ಸಿಇ6. ಎರಡೂ ದುಂಡಗೆ ಒಂದೇ ರೀತಿ ಕಾಣುತ್ತವೆ. ತಿದ್ದಲು ದಾರಿ ಇದೆ. ಅಕ್ಷರದ ಅಥವಾ ಮಾತ್ರೆಯ ಬೆನ್ನಿಗೆ ಬಂದ ಸೊನ್ನೆ ಅನುಸ್ವಾರವಾಗಿರಬೇಕು, ಅಂಕಿಯ ಬೆನ್ನಿಗೆ ಬಂದದ್ದು ನಿಜವಾದ ಸೊನ್ನೆ. ಲಿಬ್ರೆಆಫೀಸ್‌ನ ‘ಹುಡುಕಿ ಬದಲಿಸು’ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ (ಅಕ್ಷರಗಳ ಮಾದರಿಯನ್ನು ಸೂತ್ರವಾಗಿ ಹುಡುಕುವ) ಆಯ್ಕೆಯನ್ನು ಗುರುತು ಹಾಕಿ, ಹುಡುಕುವ ಕಡೆ

([ಅ-ೌ])೦

ಎಂದೂ, ಬದಲಿಸುವ ಕಡೆ

$1ಂ

ಎಂದೂ ಬರೆಯಿರಿ. ಹತ್ತು ಎಂಬ ೧೦ ಹಾಗೆಯೇ ಉಳಿಯುತ್ತದೆ, ಬೆ೦ಗಳೂರು ಬೆಂಗಳೂರಾಗುತ್ತದೆ.

ಒಂಬತ್ತಿನದು ಸ್ವಲ್ಪ ತೊಡಕು. ಬರಹದಲ್ಲಿ ಅರ್ಕಾವೊತ್ತು ಕೊನೆಗೆ ಬಂದರೂ ಸಂಕೇತದಲ್ಲಿ ರ್ ಮೊದಲು ಬರಬೇಕು. ಹುಡುಕುವ ಕಡೆ

([ಕ-ಹ][ಾ-ೌ]?)೯

ಬದಲಿಸುವ ಕಡೆ

ರ್$1

ಕನಾ೯ಟಕ ಹೀಗೆ ಕರ್ನಾಟಕವಾಗುತ್ತದೆ. ಆದರೆ ‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿಯನ್ನು ದಯವಿಟ್ಟು ಒತ್ತಬೇಡಿ. ‘ಅಘ್ಯ೯’ ಎಂದಿದ್ದರೆ ಅದು ‘ಅರ್ಘ್ಯ’ ಆಗುವ ಬದಲು ‘ಅಘ್ರ್ಯ’ ಆಗಿ ಕೂರುತ್ತದೆ, ಏಕೆಂದರೆ ಈ ಸೂತ್ರಕ್ಕೆ ಒತ್ತಕ್ಷರ ಗೊತ್ತಿಲ್ಲ. ಒಂದೊಂದಾಗಿ ನೋಡಿ ಬದಲಿಸಿ.

ಶಾಸನದ ಓದು

ನನ್ನ ಕಡತಗಳಲ್ಲೂ ಈ ಸೊನ್ನೆಯ ತಪ್ಪು ಇತ್ತು, ವಿದ್ಯಾರ್ಥಿಗಳು ಟೈಪ್ ಮಾಡಿಕೊಟ್ಟ ಭಾಗದಲ್ಲಿ. ಗಣಕಬರಹದವರ ಸೂತ್ರ ಹಾಕಿದೆ. ಬಹುತೇಕ ಸರಿಹೋಯಿತು, ಎರಡು ಕಡೆ ಮಾತ್ರ ಸೊನ್ನೆ ಕದಲಲಿಲ್ಲ. ಎರಡೂ ೞ ಅಕ್ಷರದ ಪಕ್ಕದವು. ನಾನೇ ಏನಾದರೂ ತಪ್ಪು ಮಾಡಿದೆನೇ?

ಗಣಕಬರಹ

ತಪ್ಪು ನನ್ನದು ಮೇಡಂ. [ಅ-ೌ] ಎಂದರೆ 0ಸಿ85ರಿಂದ 0ಸಿಸಿಸಿವರೆಗೆ. ೞ ಇರುವುದು 0ಸಿಡಿಇಯಲ್ಲಿ, ಬೇಲಿಯ ಆಚೆ. 0ಸಿಬಿ4ರ ತನ್ನ ಮನೆಯಲ್ಲಿ ಇದ್ದಿದ್ದರೆ ಸೂತ್ರಕ್ಕೆ ಸಿಗುತ್ತಿತ್ತು. ಹೀಗೆ ಬರೆಯಿರಿ:

([ಅ-ೌೞ])೦

ಬೇರೆ ತಂತ್ರಾಂಶಗಳಲ್ಲೂ ಕನ್ನಡ ಅಕ್ಷರಗಳನ್ನು ‘ಕ-ಹ’ ಎಂದು ಹಿಡಿಯುವ ಸೂತ್ರ ಎಲ್ಲಿದ್ದರೂ ೞ ಹೊರಗುಳಿಯುತ್ತದೆ. ನಾನೇ ಬರೆದ ಒಂದೆರಡು ಉಪಕರಣಗಳಲ್ಲಿ ಈ ತಪ್ಪು ಇದೆ ಎಂದು ಈಗ ಹೊಳೆಯಿತು. ಇವತ್ತೇ ತಿದ್ದುತ್ತೇನೆ.

ಕರಾವಳಿಯವ

ಹೊಸ ಅಕ್ಷರಗಳ ಬಗ್ಗೆ ಒಂದು ಸೇರ್ಪಡೆ. ಹಳಗನ್ನಡದ ನಕಾರ ಪೊಲ್ಲು (ಸ್ವರವಿಲ್ಲದ ನ್) ೝ ಯೂನಿಕೋಡ್ 14ರಲ್ಲಿ, ಅಂದರೆ 2021ರಲ್ಲಿ ಸೇರಿದೆ, ಸಂಕೇತ 0ಸಿಡಿಡಿ. ಇದನ್ನು ಓದುತ್ತಿರುವ ಹಲವರಿಗೆ ಈ ಸಾಲಿನಲ್ಲಿ ಬರಿಯ ಚೌಕಟ್ಟು ಕಾಣುತ್ತಿರಬಹುದು. ಅಕ್ಷರ ಕೆಟ್ಟಿಲ್ಲ, ನಿಮ್ಮ ಫಾಂಟಿನಲ್ಲಿ ಅದರ ರೂಪ ಇಲ್ಲ, ಅಷ್ಟೆ. ಚೌಕಟ್ಟು ಕಂಡಿತೆಂದು ಅಳಿಸಿಹಾಕಬೇಡಿ.

ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ರೊಂದಿಗೆ ಬಂದಿತು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ತಾಳೆಗರಿ ಕಟ್ಟುಗಳಿವೆ, ಆದ್ದರಿಂದ ಆ ಸುದ್ದಿ ಓದಿ ಕಣ್ಣು ತುಂಬಿತ್ತು. ಅದರ ಮನೆಗಳು 11380ರಿಂದ ಶುರುವಾಗುತ್ತವೆ, ಸಂಕೇತಕ್ಕೆ ಐದು ಅಂಕಿ. ವಿಮ್‌ನಲ್ಲಿ ಸಣ್ಣ ಯು ನಾಲ್ಕು ಅಂಕಿಗೇ ನಿಂತುಬಿಡುತ್ತದೆ. ಇದಕ್ಕೆ ದೊಡ್ಡ ಯು ಒತ್ತಿ, ಮುಂದೆ ಸೊನ್ನೆಗಳನ್ನು ಸೇರಿಸಿ ಎಂಟು ಅಂಕಿ ಬರೆಯಬೇಕು: 00011380.

ಗ್ರಂಥಭಂಡಾರ

ಪುಸ್ತಕಪಟ್ಟಿಯ ಒಂದು ಪ್ರತಿಯ ಮೇಲೆ ಪ್ರಯೋಗ ಮಾಡಿದೆ. ಸೊನ್ನೆಗಳು ಸರಿಹೋದವು. ಒಂಬತ್ತುಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ, ಇನ್ನೂ ಒಂದು ವಾರದ ಕೆಲಸವಿದೆ. ‘ಸಂಪುಟ೯’ ಎಂದು ಜಾಗ ಬಿಡದೆ ಬರೆದದ್ದು ‘ಸಂಪುರ್ಟ’ ಆಗುವುದರಲ್ಲಿತ್ತು. ಒಂದೊಂದಾಗಿ ನೋಡಿ ಎಂದು ಹೇಳಿದ್ದಕ್ಕೆ ಋಣಿ.

ಶಾಸನದ ಓದು

ಇಂದು ತರಗತಿಯಲ್ಲಿ ತಿದ್ದಿದ ಹಾಳೆಯನ್ನು ಹಂಚಿದೆ. ಬಾಳ್ಗೞ್ಚು, ಮೂೞಿವಳ್ಳಿ, ಎಲ್ಲವೂ ಇರಬೇಕಾದಂತೆ ಇವೆ. ಅಂದು ಪ್ರಶ್ನೆ ಕೇಳಿದ ಹುಡುಗಿಯನ್ನು ಕರೆದು ಗಣಕದ ಮುಂದೆ ಕೂರಿಸಿ ಕಂಟ್ರೋಲ್, ಶಿಫ್ಟ್, ಯು ತೋರಿಸಿದೆ. ಅವಳು ಬಾಳ್ ಎಂದು ಬರೆದಳು, ಅದರ ಕೆಳಗೆ ಬಾೞ್ ಎಂದು ಬರೆದಳು. ಆಮೇಲೆ ನಾನು ಹೇಳದೆಯೇ ಅರಿ ಎಂದು ಬರೆದು, “ತಿಳಿ ಎಂಬ ಅರ್ಥದ್ದಕ್ಕೆ ಶಕಟರೇಫ ಅಲ್ಲವೇ ಮೇಡಂ, ಅದರ ಸಂಕೇತ ಎಷ್ಟು?” ಎಂದು ಕೇಳಿದಳು.

0ಸಿಬಿ1 ಎಂದು ಹೇಳಿದೆ. ಅಱಿ ಎಂದು ಬರೆದಳು.